ಬೆಂಕಿ ಬಿದ್ದಾಗ ಲಿಫ್ಟು ಬೇಡವೆಂದರೆ, ಮೆಟ್ಟಿಲಿಳಿಯಲಾಗದ ಅತ್ತೆಯವರನ್ನು ಇಳಿಸುವುದು ಹೇಗೆ?

ಓದುಗರ ಪ್ರಶ್ನೆ: ತುಮಕೂರಿನ ಅಪಾರ್ಟ್‌ಮೆಂಟೊಂದರ 7ನೇ ಮಹಡಿಯಲ್ಲಿ ನಾವಿದ್ದೇವೆ. ಅತ್ತೆಯವರಿಗೆ ಎರಡೂ ಮಂಡಿ ಸವೆದಿವೆ, ನಾಲ್ಕು ಮೆಟ್ಟಿಲು ಇಳಿಯುವುದೂ ಕಷ್ಟ. ವಿದೇಶದ ಗಗನಚುಂಬಿ ಕಟ್ಟಡಗಳಲ್ಲಿ ಲಿಫ್ಟಿನಲ್ಲೇ ಜನರನ್ನು ಇಳಿಸುತ್ತಾರಂತೆ. ನಮ್ಮಲ್ಲಿ ಜನರೇಟರ್ ಇದೆ, ಲಿಫ್ಟಿಗೆ ಬ್ಯಾಟರಿಯೂ ಇದೆ. ಬೆಂಕಿ ಬಿದ್ದರೆ ಅವರೊಬ್ಬರನ್ನಾದರೂ ಲಿಫ್ಟಿನಲ್ಲಿ ಕಳಿಸಬಹುದೇ?

ಉತ್ತರ: ಸಾಮಾನ್ಯ ಲಿಫ್ಟಿನಲ್ಲಿ ದಯವಿಟ್ಟು ಕಳಿಸಬೇಡಿ. ಕರೆಂಟು ಹೋಗುವುದು ಅಲ್ಲಿರುವ ಅಪಾಯಗಳಲ್ಲಿ ಒಂದು ಮಾತ್ರ. ಹಳೆಯ ಮನೆಗಳ ಬಚ್ಚಲಲ್ಲಿ ಹಂಡೆ ಒಲೆಯ ಹೊಗೆ ಗೂಡು ಹಿಡಿದು ಮೇಲೇರುತ್ತಿದ್ದುದನ್ನು ನೀವು ನೋಡಿರಬಹುದು. ಕಟ್ಟಡದ ತಳದಿಂದ ತುದಿಯವರೆಗೆ ನಿಂತಿರುವ ಲಿಫ್ಟಿನ ಬಾವಿಯೂ ಬೆಂಕಿ ಬಿದ್ದಾಗ ಅಂಥದೇ ಒಂದು ಹೊಗೆಗೂಡಾಗುತ್ತದೆ. ಬಾಗಿಲ ಬಳಿಯ ಬೆಳಕಿನ ಸಂವೇದಕಕ್ಕೆ ದಟ್ಟ ಹೊಗೆ ಅಡ್ಡ ಬಂದರೆ, ಯಾರೋ ನಡುವೆ ನಿಂತಿದ್ದಾರೆಂದು ತಿಳಿದು ಬಾಗಿಲು ಮುಚ್ಚದೇ ಉಳಿಯಬಹುದು. ಬೆಂಕಿ ಆರಿಸಲು ಹಾಯಿಸಿದ ನೀರು ಬಾವಿಗೆ ಇಳಿದರೆ ವೈರಿಂಗ್ ಶಾರ್ಟ್ ಆಗುತ್ತದೆ.

ನೀವು ನಂಬಿರುವ ಬ್ಯಾಟರಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಿಫ್ಟ್ ಮೆಕ್ಯಾನಿಕ್‌ಗಳು ಎಆರ್‌ಡಿ ಎಂದು ಕರೆಯುವ ಈ ಸಾಧನದ ಕೆಲಸ, ಕರೆಂಟು ಹೋದಾಗ ಲಿಫ್ಟನ್ನು ಹತ್ತಿರದ ಮಹಡಿಗೆ ತಂದು ಬಾಗಿಲು ತೆರೆಯುವುದು, ಅಷ್ಟೇ. ಆ ಹತ್ತಿರದ ಮಹಡಿಯಲ್ಲೇ ಬೆಂಕಿ ಹೊತ್ತಿದ್ದರೆ ಅದು ಅದಕ್ಕೆ ತಿಳಿಯುವುದಿಲ್ಲ. ನಿಮ್ಮ ಅತ್ತೆಯವರ ಮುಂದೆ ಬಾಗಿಲು ಅಲ್ಲಿಯೇ ತೆರೆದುಕೊಳ್ಳುತ್ತದೆ.

ವಿದೇಶದ ಬಗ್ಗೆ ನೀವು ಕೇಳಿದ್ದು ನಿಜ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರ್‌ನ ಅವಳಿ ಗೋಪುರಗಳ ಪೈಕಿ ಉತ್ತರ ಗೋಪುರಕ್ಕೆ ವಿಮಾನ ಬಡಿದ ಮೇಲೆ, ದಕ್ಷಿಣ ಗೋಪುರಕ್ಕೆ ಎರಡನೆಯದು ಬಡಿಯುವವರೆಗಿನ ಸುಮಾರು 16 ನಿಮಿಷಗಳಲ್ಲಿ ಅಲ್ಲಿನ ಅನೇಕರು ಲಿಫ್ಟಿನಲ್ಲಿ ಇಳಿದು ಬದುಕಿಕೊಂಡರು. ಆದರೆ ಆ ಹೊತ್ತಿಗೆ ಅವರ ಗೋಪುರಕ್ಕೆ ಇನ್ನೂ ಪೆಟ್ಟು ಬಿದ್ದಿರಲಿಲ್ಲ ಎಂಬುದನ್ನು ಮರೆಯಬಾರದು. ಆ ಬಳಿಕ ಅಮೆರಿಕದ ಮಾದರಿ ಕಟ್ಟಡ ಸಂಹಿತೆಯ 2009ರ ಆವೃತ್ತಿಯಲ್ಲಿ, ನಿವಾಸಿಗಳೇ ಬಳಸಬಹುದಾದ ತೆರವು ಲಿಫ್ಟುಗಳಿಗೆ ನಿಯಮ ಬಂತು: ಹೊಗೆ ನುಗ್ಗದ ಲಾಬಿ, ಅಲ್ಲಿಂದ ನೇರವಾಗಿ ಮೆಟ್ಟಿಲಿಗೆ ದಾರಿ, ಬಾವಿಗೆ ನೀರು ಹೋಗದ ಏರ್ಪಾಡು, ಬದಲಿ ವಿದ್ಯುತ್ತು, ಎರಡೂ ಕಡೆಯಿಂದ ಮಾತನಾಡುವ ವ್ಯವಸ್ಥೆ. 828 ಮೀಟರ್ ಎತ್ತರದ ದುಬೈನ ಬುರ್ಜ್ ಖಲೀಫಾದಲ್ಲೂ ತೆರವಿಗೆ ಲಿಫ್ಟು ಬಳಸುವ ಯೋಜನೆಯನ್ನು ವಿನ್ಯಾಸದಲ್ಲೇ ಸೇರಿಸಲಾಗಿದೆ. ಇದಾವುದೂ ಇಲ್ಲದ ಲಿಫ್ಟಿಗೆ ಜನರೇಟರ್ ಜೋಡಿಸಿದ ಮಾತ್ರಕ್ಕೆ ಅದು ತೆರವಿನ ಲಿಫ್ಟಾಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಫೈರ್ ಲಿಫ್ಟ್. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು ಬಹುಮಹಡಿ ಕಟ್ಟಡವೆಂದು ಪರಿಗಣಿಸುತ್ತದೆ; ಫೈರ್ ಲಿಫ್ಟ್ ನೆಲಮಹಡಿಯಿಂದ ತುದಿಯ ಮಹಡಿಗೆ 60 ಸೆಕೆಂಡಿನೊಳಗೆ ತಲುಪಬೇಕೆಂದು ಹೇಳುತ್ತದೆ. ನೆಲಮಹಡಿಯಲ್ಲಿ ಲಿಫ್ಟಿನ ಬಾಗಿಲ ಪಕ್ಕ ಗಾಜಿನ ಮುಚ್ಚಳದ ಪುಟ್ಟ ಕೆಂಪು ಪೆಟ್ಟಿಗೆ ಇದೆಯೇ ನೋಡಿ. ಆ ಗಾಜು ಒಡೆದು ಒಳಗಿನ ಸ್ವಿಚ್ ಒತ್ತಿದರೆ, ಲಿಫ್ಟು ಯಾವ ಮಹಡಿಯ ಕರೆಗೂ ಓಗೊಡದೆ ನೇರವಾಗಿ ಕೆಳಗಿಳಿದು ಬಾಗಿಲು ತೆರೆದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ಅಗ್ನಿಶಾಮಕ ಸಿಬ್ಬಂದಿಯ ಕೈಯಲ್ಲಿರುತ್ತದೆ. ನಡೆಯಲಾಗದವರನ್ನು ಇಳಿಸಬಹುದೇ ಎಂದು ಪರಿಸ್ಥಿತಿ ನೋಡಿ ತೀರ್ಮಾನಿಸುವವರು ಅವರು. ಪೆಟ್ಟಿಗೆಯಿದ್ದ ಮಾತ್ರಕ್ಕೆ ಅದು ಫೈರ್ ಲಿಫ್ಟ್ ಎಂದುಕೊಳ್ಳಬೇಡಿ, ನಿಮ್ಮ ಸಂಘದವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಅವರು ಬರುವವರೆಗೆ ಅತ್ತೆಯವರನ್ನು ಕಾಯುವುದು ಮೆಟ್ಟಿಲಿನ ಬಾಗಿಲು. ಈಚೆಗೆ ನಮ್ಮೂರಿನದೇ ಒಂದು ಅಪಾರ್ಟ್‌ಮೆಂಟಿನಲ್ಲಿ, ತಾನಾಗಿ ಮುಚ್ಚಿಕೊಳ್ಳಬೇಕಾದ ಆ ಬಾಗಿಲಿಗೆ ಗಾಳಿ ಬರಲೆಂದು ಇಟ್ಟಿಗೆ ಚೂರು ಒತ್ತರಿಸಿಟ್ಟು, ಅದರಾಚೆ ಮಕ್ಕಳ ಸೈಕಲ್ಲು, ಚಪ್ಪಲಿ ಸ್ಟ್ಯಾಂಡು, ಖಾಲಿ ಸಿಲಿಂಡರ್ ಜೋಡಿಸಿದ್ದುದನ್ನು ಕಂಡು ನನಗೆ ನಿಜವಾಗಿಯೂ ಭಯವಾಯಿತು. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ 2010ರ ಫೆಬ್ರುವರಿ 23ರಂದು ಬೆಂಕಿ ಬಿದ್ದು 9 ಮಂದಿ ಸತ್ತರು. ಮೇಲಿನ ಮಹಡಿಗಳಿಗೆ ತುಂಬಿದ ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಧುಮುಕಿದ್ದರು.

ಮೆಟ್ಟಿಲು ಹೊಗೆಯಿಲ್ಲದೆ ತಿಳಿಯಾಗಿದ್ದರೆ, ಗಟ್ಟಿಯಾದ ಕೈಕುರ್ಚಿಯಲ್ಲಿ ಅತ್ತೆಯವರನ್ನು ಕೂರಿಸಿ, ಇಬ್ಬರು ಹಿಡಿದು ಇಳಿಸಿ. ಆ ಇಬ್ಬರು ನೆರೆಯವರು ಯಾರೆಂದು ಇಂದೇ ಗೊತ್ತುಮಾಡಿಕೊಂಡು, ಖಾಲಿ ಕುರ್ಚಿಯನ್ನಾದರೂ ಒಮ್ಮೆ ಇಳಿಸಿ ನೋಡಿ. ಅಷ್ಟು ದೂರ ಹೊರಲಾಗದಿದ್ದರೆ ಬಾಗಿಲು ಮುಚ್ಚಿಕೊಂಡು ಮೆಟ್ಟಿಲಿನ ಒಳಗಿನ ಕಟ್ಟೆಯಲ್ಲಿ ಅವರ ಜೊತೆ ಒಬ್ಬರು ನಿಲ್ಲಲಿ. ಮೆಟ್ಟಿಲಲ್ಲೇ ಹೊಗೆಯಿದ್ದು, ಬೆಂಕಿ ನಿಮ್ಮ ಮನೆಯದಲ್ಲದಿದ್ದರೆ, ಒಳಗೇ ಉಳಿದು ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ, ಬಾಲ್ಕನಿಯಿಂದ ಕಾಣಿಸಿಕೊಳ್ಳಿ. 101 ಅಥವಾ 112ಕ್ಕೆ ಕರೆ ಮಾಡಿದಾಗ ವಿಳಾಸದ ಜೊತೆಗೇ ಹೇಳಬೇಕಾದ ಮಾತು, '7ನೇ ಮಹಡಿಯಲ್ಲಿ ನಡೆಯಲಾಗದ ಹಿರಿಯರೊಬ್ಬರಿದ್ದಾರೆ' ಎಂಬುದು. ಅದು ತಿಳಿದಿದ್ದರೆ ಸಿಬ್ಬಂದಿ ಅವರನ್ನು ಹುಡುಕಿಕೊಂಡೇ ಮೇಲೆ ಬರುತ್ತಾರೆ.