ಪದ ಪರಿಚಯ: ಪೋರ್ಟ್‌ಫೋಲಿಯೋ

ಕಳೆದ ವಾರ ತಂಗಿಯ ಮಗಳ ಶಾಲೆಯಿಂದ ವಾಟ್ಸಾಪ್ ಸಂದೇಶ ಬಂತು: ಸೋಮವಾರದೊಳಗೆ ಮಗುವಿನ ‘ಇಂಟರಾಕ್ಟಿವ್ ಡಿಜಿಟಲ್ ಪೋರ್ಟ್‌ಫೋಲಿಯೋ’ ಕಳಿಸಿ. ಬೇಕಿದ್ದದ್ದು 14 ಪುಟದ ಪಿಡಿಎಫ್. ಮೊದಲ ಪುಟದಲ್ಲಿ ಫೋಟೊ, ಎರಡನೆಯದರಲ್ಲಿ ರಕ್ತದ ಗುಂಪು, ಉಳಿದದ್ದೆಲ್ಲ ಸರ್ಟಿಫಿಕೇಟು. ತಂಗಿ ರಾತ್ರಿ ಹನ್ನೊಂದರವರೆಗೆ ಕೂತು ಕ್ಯಾನ್ವಾದಲ್ಲಿ ತಿರುಗುವ ನಕ್ಷತ್ರ ಅಂಟಿಸಿದಳು. ಪಿಡಿಎಫ್ ಮಾಡಿದ ಕೂಡಲೇ ನಕ್ಷತ್ರ ನಿಂತುಹೋಯಿತು. ಮಗು ಅಷ್ಟರಲ್ಲಿ ಮಲಗಿ ಎರಡು ಗಂಟೆಯಾಗಿತ್ತು.

ಈ ಪದ ಹೀಗೆ ಬಳಕೆಯಾಗುವುದನ್ನು ಇನ್ನು ನೋಡಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂಲ ಇಟಾಲಿಯನ್‌ನ ಪೋರ್ತಾಫೊಲ್ಯೊ. ಪೋರ್ತಾರೆ ಎಂದರೆ ಹೊರು, ಫೊಲ್ಯೊ ಎಂದರೆ ಹಾಳೆ. ಬಿಡಿ ಹಾಳೆಗಳನ್ನು ಹೊತ್ತೊಯ್ಯುವ ಚೀಲ, ಅಷ್ಟೇ. ಇಟಲಿಯಲ್ಲಿ ಇವತ್ತಿಗೂ ಜೇಬಿನ ಪರ್ಸಿಗೆ ಇದೇ ಹೆಸರು. ಮಂತ್ರಿಯ ಚೀಲದಲ್ಲಿ ಇಲಾಖೆಯ ಕಾಗದಗಳಿದ್ದವು, ಹಣ ಹೂಡುವವನ ಚೀಲದಲ್ಲಿ ಬಾಂಡು, ಷೇರಿನ ಪತ್ರಗಳಿದ್ದವು. ಕಾಲಕ್ರಮದಲ್ಲಿ ಚೀಲದ ಹೆಸರು ಒಳಗಿದ್ದದ್ದಕ್ಕೆ ಅಂಟಿಕೊಂಡಿತು. ಮಂತ್ರಿಯದಕ್ಕೆ ನಾವು ‘ಖಾತೆ’ ಎಂದೆವು. ಷೇರಿನದನ್ನು ಹಾಗೇ ಬಿಟ್ಟೆವು.

ಮಗುವಿನದಕ್ಕೂ ಕನ್ನಡದಲ್ಲಿ ಪದವಿದೆ: ಕೃತಿಸಂಪುಟ. ನಲಿಕಲಿ ತರಗತಿಯ ಮೇಷ್ಟ್ರುಗಳನ್ನು ಕೇಳಿ, ಗೋಡೆಗೆ ನೇತುಹಾಕಿದ ರಟ್ಟಿನ ಫೈಲು ತೋರಿಸುತ್ತಾರೆ. ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂದಾಗಿನಿಂದ ಈ ಪದ ಶಾಲೆಯೊಳಗೆ ಓಡಾಡಿಕೊಂಡಿದೆ. ಒಳ್ಳೆಯ ಪದವೇ. ನನ್ನ ತಕರಾರು ಅದರ ಎರಡನೇ ಅರ್ಧದ ಮೇಲೆ.

ಸಂಪುಟ ಎಂದರೆ ಮುಚ್ಚಳವಿರುವ ಕರಂಡಕ. ಕುಕ್ಕೆಯ ಸುಬ್ರಹ್ಮಣ್ಯ ಮಠದ ಸಂಪುಟ ನರಸಿಂಹನನ್ನು ನೆನೆಯಿರಿ. ಮಧ್ವಾಚಾರ್ಯರು ಕೊಟ್ಟದ್ದೆಂದು ನಂಬುವ ಆ ಸಂಪುಟವನ್ನು ತೆರೆಯುವಂತಿಲ್ಲ, ತೆರೆಯದೆಯೇ ಪೂಜೆ. ಗ್ರಂಥದ ಸಂಪುಟ, ಸಚಿವ ಸಂಪುಟ ಎಲ್ಲದರಲ್ಲೂ ಕೂಡಿಸಿ ಮುಚ್ಚಿಡುವ ಧ್ವನಿಯಿದೆ. (ದೊಡ್ಡವರಿಗೆ ಸಂಪುಟ ಎಂದರೆ ಕ್ಯಾಬಿನೆಟ್, ಮಕ್ಕಳಿಗೆ ಪೋರ್ಟ್‌ಫೋಲಿಯೋ. ಇದನ್ನು ಪರಭಾಷೆಯವರಿಗೆ ವಿವರಿಸಲು ಹೋಗಬೇಡಿ.) ಇಟಾಲಿಯನ್ ಪದದಲ್ಲಿರುವ ‘ಹೊರು’ ಇಲ್ಲಿ ಬರಲೇ ಇಲ್ಲ. ಹೊರಬೇಕಾದವನು ಮಾತ್ರ ಯಾವ ಹಾಳೆ ಬೇಕು, ಯಾವುದು ಬೇಡ ಎಂದು ಯೋಚಿಸುತ್ತಾನೆ. ಕಪಾಟಿನಲ್ಲಿ ಇಡುವವನು ಎಲ್ಲವನ್ನೂ ತುರುಕುತ್ತಾನೆ. 14 ಪುಟ ಆಗುವುದು ಹಾಗೆ.

ಹಾಗಾದರೆ ಪೋರ್ಟ್‌ಫೋಲಿಯೋದಲ್ಲಿ ಏನಿರಬೇಕು? ಆರನೇ ಕ್ಲಾಸಿನ ಒಂದು ಪುಟ ಊಹಿಸಿಕೊಳ್ಳಿ. ಜೂನ್‌ನಲ್ಲಿ ನೋಟ್‌ಬುಕ್ಕಿನಿಂದ ತೆಗೆದ ಫೋಟೊ: 1/2 + 1/3 = 2/5. ಅದರ ಕೆಳಗೆ ಅಕ್ಟೋಬರಿನದು: ಆರು ತುಂಡು ಮಾಡಿದ ರೊಟ್ಟಿಯ ಚಿತ್ರ, ಉತ್ತರ 5/6. ಪಕ್ಕದಲ್ಲಿ 40 ಸೆಕೆಂಡಿನ ಧ್ವನಿ: ‘ನಂಗೆ ಮೊದ್ಲೇ ಹೊಳೀಬೇಕಿತ್ತು. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೇಗಾಗತ್ತೆ?’ ಈ ಒಂದು ಪುಟ ಹದಿನೈದು ಸರ್ಟಿಫಿಕೇಟಿಗೆ ಸಮ. ತಪ್ಪನ್ನು ಅಳಿಸದೆ ಇಟ್ಟದ್ದು ಮಗು, ಇದನ್ನೇ ಇಡುತ್ತೇನೆ ಎಂದು ಆರಿಸಿದ್ದೂ ಮಗು. ಸರ್ಟಿಫಿಕೇಟುಗಳ ಕಟ್ಟಿಗೆ ಬಯೋಡೇಟಾ ಎಂಬ ಹೆಸರು ಈಗಾಗಲೇ ಇದೆ, ಅದನ್ನೇ ಬಳಸಿ.

ಇಂಟರಾಕ್ಟಿವ್ ಎಂಬುದರ ಪಾಡೂ ಅಷ್ಟೇ. ಒತ್ತಿದರೆ ಪುಟ ಮಗುಚುವುದು ಅಲಂಕಾರ. ಆ ರೊಟ್ಟಿಯ ಕೆಳಗೆ ಟೀಚರು ‘1/2 + 1/5 ಆದರೆ ಎಷ್ಟು ತುಂಡು ಮಾಡ್ತೀಯ?’ ಎಂದು ಕೇಳಿ, ಮಗು ಅಲ್ಲೇ ಉತ್ತರಿಸಿದರೆ ಅದು ಸಂವಾದ. ಸೀಸಾ (Seesaw) ಎಂಬ ಶಾಲಾ ಆ್ಯಪ್‌ನಲ್ಲಿ ಚಿತ್ರದ ಮೇಲೇ ಮಗು ಮಾತಾಡಿ ಧ್ವನಿಮುದ್ರಿಸಬಹುದು. ಪ್ಯಾಡ್ಲೆಟ್ ಎಂಬ ಆನ್‌ಲೈನ್ ಫಲಕದಲ್ಲಿ ಕಾಮೆಂಟ್ ತೆರೆದಿಟ್ಟರೆ ಸಾಕು. ವೆಬ್‌ಸೈಟ್ ಕಟ್ಟುವ ಗೂಗಲ್ ಸೈಟ್ಸ್ ಸುಲಭ, ಆದರೆ ಅದರಲ್ಲೇ ಕಾಮೆಂಟ್ ಸೌಲಭ್ಯವಿಲ್ಲ, ಒಂದು ಗೂಗಲ್ ಡಾಕ್ ಕೂರಿಸಬೇಕು. ಸೈಟನ್ನು ಎಲ್ಲರಿಗೂ ತೆರೆದರೂ ಒಳಗೆ ಕೂರಿಸಿದ ಡ್ರೈವ್ ಫೈಲಿನ ಅನುಮತಿ ಬೇರೆಯೇ ಇರುತ್ತದೆ. ಅಜ್ಜಿ ಒತ್ತಿದರೆ ‘ರಿಕ್ವೆಸ್ಟ್ ಆ್ಯಕ್ಸೆಸ್’, ಅಂದರೆ ಅನುಮತಿ ಕೇಳಿ. ಮುಚ್ಚಿದ ಸಂಪುಟ!

ನನಗೆ ಇಷ್ಟವಾದದ್ದು ಮಹರಾ. ನ್ಯೂಜಿಲೆಂಡಿನಲ್ಲಿ 2006ರಲ್ಲಿ ಶುರುವಾದ, ಪೋರ್ಟ್‌ಫೋಲಿಯೋ ಕಟ್ಟುವ ಮುಕ್ತ ತಂತ್ರಾಂಶ, ಮಾವೋರಿ ಭಾಷೆಯಲ್ಲಿ ಆ ಪದಕ್ಕೆ ಯೋಚಿಸು ಎಂಬ ಅರ್ಥ. ಯಾರಿಗೆ ಯಾವ ಪುಟ ತೋರಿಸಬೇಕೆಂದು ವಿದ್ಯಾರ್ಥಿಯೇ ತೀರ್ಮಾನಿಸಬೇಕು. ಮಾಡಿದ್ದನ್ನೆಲ್ಲ ಕೊನೆಗೆ ಒಂದು ಪುಟ್ಟ ವೆಬ್‌ಸೈಟಾಗಿ ಇಳಿಸಿಕೊಂಡು ಹೊರಟುಬಿಡಬಹುದು. ಶಾಲೆಯವರು ಸರ್ವರ್‌ನಲ್ಲಿ ಅಳವಡಿಸಬೇಕು, ಇಲ್ಲವೇ ಬೇರೆಯವರಿಂದ ಮಾಡಿಸಬೇಕು ಎಂಬುದೊಂದು ತಾಪತ್ರಯ.

ಇಳಿಸಿಕೊಳ್ಳುವ ಮಾತನ್ನು ಯಾವ ಶಾಲೆಯೂ ತಾನಾಗಿ ಎತ್ತಿದ್ದನ್ನು ನಾನು ಕಂಡಿಲ್ಲ. ಮಗುವಿನ ಕೆಲಸವೆಲ್ಲ ಇರುವುದು ಶಾಲೆ ಕೊಟ್ಟ ಖಾತೆಯಲ್ಲಿ. ಮಂತ್ರಿಯ ಖಾತೆಯ ಹಾಗೆ ಇದನ್ನೂ ಕೊಟ್ಟವರು ವಾಪಸ್ ಪಡೆಯಬಹುದು. ಶಾಲೆ ಬದಲಿಸುವುದಿದ್ದರೆ ಟಿ.ಸಿ.ಗೆ ಅರ್ಜಿ ಹಾಕುವ ಮೊದಲೇ, ಖಾತೆಯಲ್ಲಿರುವುದನ್ನು ಇಳಿಸಿಕೊಡುವ ಗೂಗಲ್ ಟೇಕ್‌ಔಟ್ ತೆರೆದು ನೋಡಿ. ಅದು ಆಫ್ ಆಗಿದ್ದರೆ ಆನ್ ಮಾಡಿಸಲು ಶಾಲೆಯ ಅಡ್ಮಿನ್ ಬಳಿಯೇ ಹೋಗಬೇಕು, ಅದೂ ಖಾತೆ ಜೀವಂತ ಇರುವಾಗಲೇ.