ಸರಕು ಬಂದದ್ದು ಶ್ರೀಲಂಕಾದಿಂದ, ಒಪ್ಪಂದವೂ ಇದೆ. ಮತ್ತೆ ಪೂರ್ತಿ ಸುಂಕ ಯಾಕೆ?

ಓದುಗರ ಪ್ರಶ್ನೆ: ಭಾರತಕ್ಕೂ ಶ್ರೀಲಂಕಾಕ್ಕೂ ಮುಕ್ತ ವ್ಯಾಪಾರ ಒಪ್ಪಂದವಿದೆ. ಸಾರ್ಕ್ ದೇಶಗಳ ನಡುವೆ ಸಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಬೇರೆ ಇದೆ. ಅಲ್ಲಿನ ಪೂರೈಕೆದಾರರು ಸರ್ಟಿಫಿಕೇಟ್ ಆಫ್ ಒರಿಜಿನ್ (ಸರಕಿನ ಮೂಲದ ಪ್ರಮಾಣಪತ್ರ) ಕೂಡ ಕಳಿಸಿದ್ದಾರೆ. ಆದರೂ ಕಸ್ಟಮ್ಸ್‌ನವರು ರಿಯಾಯಿತಿ ಸಿಗುವುದಿಲ್ಲ, ಪೂರ್ತಿ ಸುಂಕ ಕಟ್ಟಿ ಎನ್ನುತ್ತಾರೆ. ಹಾಗಾದರೆ ಒಪ್ಪಂದ ಇದ್ದೂ ಏನು ಪ್ರಯೋಜನ?

ಉತ್ತರ: ಸರಕು ಎಲ್ಲಿ ಹಡಗು ಹತ್ತಿತು ಎಂಬುದನ್ನು ಈ ಒಪ್ಪಂದಗಳು ಕೇಳುವುದಿಲ್ಲ. ಎಲ್ಲಿ ಬೆಳೆಯಿತು, ಎಲ್ಲಿ ತಯಾರಾಯಿತು ಎಂದು ಕೇಳುತ್ತವೆ. ಅದನ್ನು ಸಾಬೀತು ಮಾಡುವ ಹೊಣೆ 2020ರಿಂದ ಈಚೆಗೆ ಬಹುಪಾಲು ಆಮದುದಾರರ ಹೆಗಲಿಗೇ ಬಿದ್ದಿದೆ. ಕೈಯಲ್ಲಿರುವ ಪ್ರಮಾಣಪತ್ರ ಸಾಕ್ಷ್ಯದ ಒಂದು ತುಂಡು, ಅಷ್ಟೇ.

ಇಷ್ಟೊಂದು ಬಿಗಿ ಯಾಕೆ ಎಂಬುದು ಮೊದಲು ಗೊತ್ತಾಗಬೇಕು. ಯುರೋಪಿಯನ್ ಒಕ್ಕೂಟದಲ್ಲಿ ಹೊರಗಿನವರಿಗೆಲ್ಲ ಒಂದೇ ಸುಂಕ. ಯಾವ ಬಂದರಿನಲ್ಲಿ ಇಳಿದರೂ ದರ ಅದೇ, ಹಾಗಾಗಿ ಒಳಗೆ ಓಡಾಡುವ ಸರಕಿನ ಮೂಲವನ್ನು ಯಾರೂ ವಿಚಾರಿಸುವುದಿಲ್ಲ. ದಕ್ಷಿಣ ಏಷ್ಯಾದಲ್ಲಿ ಹಾಗಿಲ್ಲ. ಪ್ರತಿ ದೇಶವೂ ಹೊರಗಿನವರಿಗೆ ತನ್ನದೇ ದರ ಇಟ್ಟುಕೊಂಡು ನೆರೆಯವರಿಗೆ ಮಾತ್ರ ರಿಯಾಯಿತಿ ಕೊಡುತ್ತದೆ. ಆಗ ಕಡಿಮೆ ಸುಂಕದ ನೆರೆಮನೆಗೆ ಮೂರನೆಯವರ ಸರಕು ಬಂದಿಳಿದು, ಹಿತ್ತಿಲ ಬಾಗಿಲಿನಿಂದ ನಮ್ಮಲ್ಲಿಗೆ ನುಸುಳುವ ದಾರಿ ತೆರೆದುಕೊಳ್ಳುತ್ತದೆ. ಮೂಲದ ನಿಯಮಗಳು ಆ ಬಾಗಿಲಿಗೆ ಹಾಕಿದ ಬೀಗ.

ಕಾಳುಮೆಣಸನ್ನೇ ನೋಡಿ. ಭಾರತ–ಶ್ರೀಲಂಕಾ ಒಪ್ಪಂದಕ್ಕೆ 1998ರ ಡಿಸೆಂಬರ್ 28ರಂದು ಸಹಿ ಬಿತ್ತು, 2000ದ ಮಾರ್ಚ್ 1ರಿಂದ ಜಾರಿಗೆ ಬಂತು. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದಕ್ಕಿಂತ ಹೆಚ್ಚು ಬಂದರೆ ಸಾಫ್ಟಾ ದರ, ಶೇ 8. ಎರಡರ ಆಸರೆಯೂ ಇಲ್ಲದಿದ್ದರೆ ಶೇ 70. ಅಂದರೆ 10 ಲಕ್ಷ ರೂಪಾಯಿ ಮೌಲ್ಯದ ಮೆಣಸಿಗೆ ಮೂಲ ಸುಂಕ (ಬೇಸಿಕ್ ಡ್ಯೂಟಿ) ಸೊನ್ನೆಯೂ ಆಗಬಹುದು, 80 ಸಾವಿರವೂ ಆಗಬಹುದು, 7 ಲಕ್ಷವೂ ಆಗಬಹುದು. ಇಷ್ಟು ದೊಡ್ಡ ಅಂತರ ಇರುವಲ್ಲಿ ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿ ಬರುತ್ತಿದೆ ಎಂಬ ದೂರು ಬೆಳೆಗಾರರಿಂದ ಮತ್ತೆ ಮತ್ತೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೆಣಸಿಗೆ ಕೆಜಿಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು.

ಕೃಷಿ ಉತ್ಪನ್ನದ ಮಟ್ಟಿಗೆ ನಿಯಮ ಸರಳ: ಬೆಳೆ ಆ ದೇಶದ ಮಣ್ಣಿನಲ್ಲೇ ಬೆಳೆದಿರಬೇಕು. ಹೊರಗಿನಿಂದ ತಂದ ಮೆಣಸನ್ನು ಅಲ್ಲಿ ಜರಡಿ ಹಿಡಿದು, ಒಣಗಿಸಿ, ದರ್ಜೆವಾರು ವಿಂಗಡಿಸಿ ಪ್ಯಾಕ್ ಮಾಡಿದರೆ ಅದು ಲಂಕಾದ ಮೆಣಸಾಗುವುದಿಲ್ಲ. ಪುಡಿ ಮಾಡಿದರೂ ಆಗುವುದಿಲ್ಲ, ಏಕೆಂದರೆ ಕಾಳೂ ಪುಡಿಯೂ ಸರಕುಗಳನ್ನು ಗುರುತಿಸುವ ಸಂಖ್ಯೆಯಾದ ಎಚ್‌ಎಸ್ ಕೋಡ್‌ನಲ್ಲಿ ಒಂದೇ ಶೀರ್ಷಿಕೆ (ಮೊದಲ ನಾಲ್ಕು ಅಂಕಿ), 0904. ಈ ಶೀರ್ಷಿಕೆಯ ವಿಚಾರ ಕಾರ್ಖಾನೆ ಸರಕಿಗೆ ಇನ್ನೂ ಮುಖ್ಯ.

ಹೊರಗಿನ ಕಚ್ಚಾವಸ್ತು ಬಳಸಿ ತಯಾರಿಸಿದ ಸರಕಿಗೆ ಎರಡು ಪರೀಕ್ಷೆಗಳಿವೆ, ಎರಡರಲ್ಲೂ ಪಾಸಾಗಬೇಕು. ಒಂದು, ಬಳಸಿದ ಹೊರಗಿನ ಕಚ್ಚಾವಸ್ತುವಿನ ಮೊದಲ ನಾಲ್ಕು ಅಂಕಿಗಳಿಗಿಂತ ಸಿದ್ಧ ಸರಕಿನ ಮೊದಲ ನಾಲ್ಕು ಅಂಕಿ ಬೇರೆ ಆಗಿರಬೇಕು. ಹತ್ತಿ ನೂಲು 5205ರಲ್ಲಿ ಬಂದು ಬಟ್ಟೆಯಾಗಿ 5208ರಲ್ಲಿ ಹೊರಟರೆ ಸರಿ. ಎರಡು, ಹೊರಗಿನ ಕಚ್ಚಾವಸ್ತುವಿನ ಪಾಲು ಮಿತಿಯೊಳಗಿರಬೇಕು. ಸಾಫ್ಟಾದಲ್ಲಿ ಆ ಮಿತಿ ಎಫ್‌ಒಬಿ (ಹಡಗಿಗೆ ಏರಿಸುವವರೆಗಿನ) ಬೆಲೆಯ ಶೇ 60. ಶ್ರೀಲಂಕಾಕ್ಕೆ ಶೇ 65. ಬಾಂಗ್ಲಾದೇಶ, ನೇಪಾಳದಂಥ ಹಿಂದುಳಿದ ದೇಶಗಳಿಗೆ ಶೇ 70. ಭಾರತ–ಶ್ರೀಲಂಕಾ ಒಪ್ಪಂದದಲ್ಲೂ ಶೇ 65ರ ಮಿತಿಯೇ. ಸಾಫ್ಟಾದಲ್ಲಿ ಕೆಲವು ಸರಕುಗಳಿಗೆ ಪ್ರತ್ಯೇಕ ನಿಯಮಗಳೂ ಇವೆ, ನಿಮ್ಮ ಸರಕು ಆ ಪಟ್ಟಿಯಲ್ಲಿದ್ದರೆ ಅದನ್ನೇ ಅನುಸರಿಸಬೇಕು. ಎಲ್ಲ ಕಡೆಯೂ ಹೀಗೇ ಎಂದುಕೊಳ್ಳಬೇಡಿ. ಆಸಿಯಾನ್ ದೇಶಗಳು ತಮ್ಮೊಳಗಿನ ವ್ಯಾಪಾರಕ್ಕೆ ‘ಶೇ 40 ಮೌಲ್ಯ ಅಥವಾ ಶೀರ್ಷಿಕೆ ಬದಲಾವಣೆ’ ಎಂದಿಟ್ಟುಕೊಂಡಿವೆ; ಇಲ್ಲಿ ಶೇ 40 ಎಂದರೆ ಆಸಿಯಾನ್ ಒಳಗಿನ ಪಾಲು. ಒಂದರಲ್ಲಿ ಪಾಸಾದರೂ ಸಾಕು.

ಲೆಕ್ಕ ಹಾಕುವಾಗ ಎಡವುವುದು ಇಲ್ಲಿ. ಒಂದು ಸರಕಿನ ಎಫ್‌ಒಬಿ ಬೆಲೆ 1,000 ರೂಪಾಯಿ, ಅದರಲ್ಲಿ ಹೊರದೇಶದ ಕಚ್ಚಾವಸ್ತು 640 ರೂಪಾಯಿ ಎಂದುಕೊಳ್ಳಿ. ಶೇ 64, ಶ್ರೀಲಂಕಾಕ್ಕೆ ಪಾಸು. ನೀವು ಚೌಕಾಸಿ ಮಾಡಿ ಬೆಲೆಯನ್ನು 970ಕ್ಕೆ ಇಳಿಸಿದಿರಿ. ಕಚ್ಚಾವಸ್ತುವಿನ ಬೆಲೆ ಅಷ್ಟೇ ಇದೆ, ಪಾಲು ಮಾತ್ರ ಶೇ 65.98 ಆಯಿತು. ಫೇಲು. ಮೂವತ್ತು ರೂಪಾಯಿ ಉಳಿಸಿದ ಖುಷಿ ಪೂರ್ತಿ ಸುಂಕದಲ್ಲಿ ಕೊಚ್ಚಿಹೋಗುತ್ತದೆ. ಕಚ್ಚಾವಸ್ತುವಿನ ಬೆಲೆಯನ್ನು ಸಿಐಎಫ್ ಲೆಕ್ಕದಲ್ಲಿ, ಅಂದರೆ ಸಾಗಣೆ ಮತ್ತು ವಿಮೆ ಸೇರಿಸಿ ಹಿಡಿಯಬೇಕು. ಹಡಗು ಬಾಡಿಗೆ ಏರಿದ ತಿಂಗಳು ನಿನ್ನೆಯವರೆಗೆ ಪಾಸಾಗುತ್ತಿದ್ದ ಸರಕೇ ಫೇಲಾಗುವುದು ಇದರಿಂದ. ಇನ್ನೊಂದು ತೊಡಕಿದೆ: ಮೂಲ ಯಾವುದೆಂದು ಹೇಳಲಾಗದ ವಸ್ತುವೂ ಹೊರಗಿನದೆಂದೇ ಲೆಕ್ಕ. ಕಾರ್ಖಾನೆಯವರು ಸ್ಥಳೀಯ ಸಗಟು ಮಾರುಕಟ್ಟೆಯಲ್ಲಿ ಬಿಲ್ ಇಲ್ಲದೆ ಕೊಂಡ ಗುಂಡಿ, ದಾರ, ಬಣ್ಣ ಅಲ್ಲಿಯದೇ ಆಗಿರಬಹುದು, ಆದರೆ ಕಾಗದದಲ್ಲಿ ಅದು ಪರದೇಶಿ. ಮಿತಿಗೆ ಐದಾರು ಅಂಶ ಕೆಳಗಿರುವ ಸರಕನ್ನಷ್ಟೇ ನಂಬಿಕೊಳ್ಳುವುದು ಕ್ಷೇಮ.

ನೆರೆಹೊರೆಯ ಕಚ್ಚಾವಸ್ತುವಿಗೆ ಒಂದು ರಿಯಾಯಿತಿ ಇದೆ. ಭಾರತದ ಬಟ್ಟೆ ಬಳಸಿ ಬಾಂಗ್ಲಾದೇಶದಲ್ಲಿ ಅಂಗಿ ಹೊಲಿದರೆ, ಸಾಫ್ಟಾದಲ್ಲಿ ಸದಸ್ಯ ದೇಶಗಳೆಲ್ಲದರ ಪಾಲು ಸೇರಿ ಶೇ 50 ಆಗಿ, ಕೊನೆಯ ದೇಶದ್ದು ಕನಿಷ್ಠ ಶೇ 20 ಇದ್ದರೆ ಸಾಕು. ಭಾರತ–ಶ್ರೀಲಂಕಾ ಒಪ್ಪಂದದಲ್ಲಿ ಇದು ಒಟ್ಟು ಶೇ 35, ಕೊನೆಯ ದೇಶದ್ದು ಶೇ 25.

ಎರಡೂ ಪರೀಕ್ಷೆ ಪಾಸಾಗುವ ಸರಕೂ ಜಗಳಕ್ಕೆ ಕಾರಣವಾದದ್ದುಂಟು. ತಾಳೆ ಎಣ್ಣೆಯ ಶೀರ್ಷಿಕೆ 1511, ಅದರಿಂದ ಮಾಡುವ ಡಾಲ್ಡಾದಂಥ ವನಸ್ಪತಿಯದು 1516. ತಾಳೆ ಎಣ್ಣೆಯ ಮೇಲೆ ಭಾರತಕ್ಕಿಂತ ಕಡಿಮೆ ಸುಂಕವಿದ್ದ ಶ್ರೀಲಂಕಾದಲ್ಲಿ ವನಸ್ಪತಿ ಕಾರ್ಖಾನೆಗಳು ಎದ್ದವು, ಮಾಲು ಸುಂಕವಿಲ್ಲದೆ ಭಾರತಕ್ಕೆ ಹರಿಯಿತು. ಇಲ್ಲಿನ ತಯಾರಕರು ಬೊಬ್ಬೆ ಹಾಕಿದ ಮೇಲೆ ವರ್ಷಕ್ಕೆ 2.5 ಲಕ್ಷ ಟನ್ನಿನ ಮಿತಿ ಬಂತು. ಕಾರ್ಖಾನೆ ಅಲ್ಲಿಗೆ ಹೋಗಿದ್ದೇ ಎರಡು ದೇಶಗಳ ಸುಂಕದ ಅಂತರ ನೋಡಿ. ಅಂಥ ಸರಕನ್ನು ಮೂಲದ ನಿಯಮ ಒಂದೇ ತಡೆಯಲಾರದು; ಕೊನೆಗೆ ಕೋಟಾ ಬರುವುದು ಅದಕ್ಕೇ.

ಆರ್ಡರ್ ಹಾಕುವ ಮೊದಲು ಎಂಟು ಅಂಕಿಯ ಕೋಡ್ ಹಿಡಿದು ಸುಂಕದ ಅಧಿಸೂಚನೆ ನೋಡಿ. ಶ್ರೀಲಂಕಾ ಒಪ್ಪಂದಕ್ಕೆ 26/2000–ಕಸ್ಟಮ್ಸ್, ಸಾಫ್ಟಾದ ಹಿಂದುಳಿದ ದೇಶಗಳಿಗೆ 99/2011–ಕಸ್ಟಮ್ಸ್, ಇವೆರಡನ್ನೂ ಅವುಗಳ ತಿದ್ದುಪಡಿಗಳ ಸಮೇತ ಓದಬೇಕು. ಸಾಫ್ಟಾಕ್ಕೂ ಹಿಂದಿನ ಒಪ್ಪಂದವಾದ 1993ರ ಸಾಪ್ಟಾದಲ್ಲಿ ಪಟ್ಟಿಯಲ್ಲಿ ಹೆಸರಿದ್ದ ಸರಕಿಗೆ ಮಾತ್ರ ರಿಯಾಯಿತಿ ಸಿಗುತ್ತಿತ್ತು. 2006ರ ಜನವರಿ 1ರಿಂದ ಬಂದ ಸಾಫ್ಟಾದಲ್ಲಿ ಅದು ಉಲ್ಟಾ: ಸೂಕ್ಷ್ಮ ಸರಕುಗಳ ಪಟ್ಟಿಯಲ್ಲಿ ಇಲ್ಲದ್ದೆಲ್ಲಕ್ಕೂ ರಿಯಾಯಿತಿ. ಹಿಂದುಳಿದ ದೇಶಗಳ ಮಟ್ಟಿಗೆ ಭಾರತ 2011ರಲ್ಲಿ ಆ ಪಟ್ಟಿಯನ್ನು 480ರಿಂದ 25ಕ್ಕೆ ಇಳಿಸಿತು. ಉಳಿದದ್ದು ಮದ್ಯ ಮತ್ತು ತಂಬಾಕು. ಪಾಕಿಸ್ತಾನದ ಕಥೆ ಬೇರೆ. 2019ರ ಫೆಬ್ರುವರಿಯಲ್ಲಿ ಅಲ್ಲಿನ ಸರಕಿನ ಮೇಲೆ ಶೇ 200 ಸುಂಕ ಬಿತ್ತು, ಆಮೇಲೆ ಆಮದೇ ನಿಂತಿತು.

ರಿಯಾಯಿತಿ ಎಂದರೆ ಮೂಲ ಕಸ್ಟಮ್ಸ್ ಸುಂಕದ್ದು ಎಂಬುದನ್ನೂ ಮರೆಯಬೇಡಿ. ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) ಕಟ್ಟಲೇಬೇಕು. ತೀರಾ ಅಗ್ಗದ ಆಮದಿನ ಮೇಲೆ ಹಾಕುವ ಆಂಟಿ ಡಂಪಿಂಗ್ ಸುಂಕ ಇದ್ದರೆ ಅದನ್ನೂ. ಬಾಂಗ್ಲಾದೇಶ ಮತ್ತು ನೇಪಾಳದ ಸೆಣಬಿನ ಉತ್ಪನ್ನಗಳ ಮೇಲೆ 2017ರ ಜನವರಿಯಲ್ಲಿ ಟನ್ನಿಗೆ 6.30 ಡಾಲರ್‌ನಿಂದ 351.72 ಡಾಲರ್‌ವರೆಗೆ ಇಂಥ ಸುಂಕ ಬಿದ್ದಾಗ, ಸಾಫ್ಟಾದಲ್ಲಿ ಸೊನ್ನೆ ಇದೆ ಎಂದು ನಂಬಿ ಬೆಲೆ ಕಟ್ಟಿದವರ ಲೆಕ್ಕ ತಲೆಕೆಳಗಾಗುವಂತಾಯಿತು.

ಇನ್ನು ಪ್ರಮಾಣಪತ್ರ. ಮೊದಲ ತಪ್ಪು, ಯಾರು ಕೊಟ್ಟದ್ದು ಎಂದು ನೋಡದೆ ಇರುವುದು. ಒಪ್ಪಂದದಡಿ ಅಧಿಕಾರ ಪಡೆದ ಸಂಸ್ಥೆ ಕೊಟ್ಟದ್ದು ಮಾತ್ರ ನಡೆಯುತ್ತದೆ. ಶ್ರೀಲಂಕಾದಲ್ಲಿ ವಾಣಿಜ್ಯ ಇಲಾಖೆ, ಬಾಂಗ್ಲಾದೇಶದಲ್ಲಿ ರಫ್ತು ಉತ್ತೇಜನ ಬ್ಯೂರೊ. ವಾಣಿಜ್ಯ ಮಂಡಳಿಗಳು ಕೊಡುವ ಸಾಮಾನ್ಯ ಒರಿಜಿನ್ ಸರ್ಟಿಫಿಕೇಟ್ ನೋಡಲು ಹಾಗೇ ಕಂಡರೂ ಸುಂಕದ ರಿಯಾಯಿತಿಗೆ ಉಪಯೋಗವಿಲ್ಲ. ಎರಡನೆಯದು, ಒಂದು ಒಪ್ಪಂದದ ನಮೂನೆ ಹಿಡಿದು ಇನ್ನೊಂದರ ದರ ಕೇಳುವುದು. ಮೆಣಸಿನ ಕೋಟಾ ಮುಗಿದಿದ್ದರೆ ಸಾಫ್ಟಾ ನಮೂನೆಯ ಪತ್ರವೇ ಬೇಕು, ದ್ವಿಪಕ್ಷೀಯ ಒಪ್ಪಂದದ್ದು ನಡೆಯುವುದಿಲ್ಲ.

ಅದಾದ ಮೇಲೆ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸಾಗಣೆ ರಸೀತಿ) ಮತ್ತು ಪ್ರಮಾಣಪತ್ರ ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿಟ್ಟು ಹೋಲಿಸಿ. ಇನ್‌ವಾಯ್ಸ್ ಸಂಖ್ಯೆ, ತೂಕ, ಸರಕಿನ ವಿವರ, ಕೋಡ್, ಎಲ್ಲವೂ ತಾಳೆಯಾಗಬೇಕು. ಕಸ್ಟಮ್ಸ್ ಕಾಯ್ದೆಯ 28ಡಿಎ ಕಲಮಿನಡಿ ನಾಲ್ಕು ಸಂದರ್ಭಗಳಲ್ಲಿ ಅಧಿಕಾರಿ ಹೆಚ್ಚಿನ ವಿಚಾರಣೆಯಿಲ್ಲದೆ ರಿಯಾಯಿತಿ ನಿರಾಕರಿಸಬಹುದು: ಸರಕೇ ಒಪ್ಪಂದದ ವ್ಯಾಪ್ತಿಯಲ್ಲಿ ಇಲ್ಲದಿದ್ದರೆ, ಪತ್ರದಲ್ಲಿ ಸರಕಿನ ಪೂರ್ಣ ವಿವರ ಇಲ್ಲದಿದ್ದರೆ, ತಿದ್ದಿದ ಕಡೆ ಕೊಟ್ಟ ಸಂಸ್ಥೆಯ ದೃಢೀಕರಣ ಇಲ್ಲದಿದ್ದರೆ, ಅವಧಿ ಮುಗಿದ ಮೇಲೆ ಹಾಜರುಪಡಿಸಿದರೆ. ಆಗ ಪತ್ರದ ಮೇಲೆ ‘ಇನ್‌ಅಪ್ಲಿಕಬಲ್’ ಎಂದು ಬರೆದುಬಿಡುತ್ತಾರೆ. ಒಂದು ಅಂಕಿಯ ಮೇಲೆ ಬಿಳಿ ಬಣ್ಣ ಬಳಿದು ತಿದ್ದಿ, ಪಕ್ಕದಲ್ಲಿ ಸಹಿ–ಮೊಹರು ಹಾಕಿಸದೆ ಬಂದ ಪತ್ರಕ್ಕೆ ಈ ಗತಿ ಗ್ಯಾರಂಟಿ.

ಸರಕು ನೇರವಾಗಿ ಬರಬೇಕೆಂಬ ಷರತ್ತೂ ಇದೆ. ದಾರಿಯಲ್ಲಿ ಸಿಂಗಪುರದಲ್ಲಿ ಹಡಗು ಬದಲಾಯಿಸಿದರೆ ತಪ್ಪೇನಿಲ್ಲ, ಆದರೆ ಅಲ್ಲಿ ಕಸ್ಟಮ್ಸ್ ಕಣ್ಗಾವಲಿನಲ್ಲೇ ಇದ್ದು, ಇಳಿಸಿ–ಏರಿಸುವುದನ್ನು ಬಿಟ್ಟು ಬೇರೇನೂ ಆಗಿರಬಾರದು. ಮೂಲ ಬಂದರಿನಿಂದ ಕೊನೆಯ ಬಂದರಿನವರೆಗೆ ಒಂದೇ ಬಿಲ್ ಆಫ್ ಲೇಡಿಂಗ್ ಇದ್ದರೆ ಸಾಬೀತು ಸುಲಭ. ನಡುವೆ ಎರಡು ಬಿಲ್ ಆದರೆ ವಿವರಣೆ ಕೊಡುತ್ತ ಕೂರಬೇಕಾಗುತ್ತದೆ.

ಸರಕಿನ ಮೂಲ ಸಾಬೀತು ಮಾಡುವ ಬಗೆಗಿನ, ಕಾರೊಟಾರ್ ಎಂದು ಕರೆಯುವ ನಿಯಮಗಳು 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿವೆ. ಪೂರೈಕೆದಾರರು ಪತ್ರ ಕಳಿಸಿದ್ದಾರೆ, ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ ಎಂಬ ಉತ್ತರ ಅಂದಿನಿಂದ ನಡೆಯುವುದಿಲ್ಲ. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಸಲ್ಲಿಸುವಾಗಲೇ ಪ್ರತಿ ಸರಕಿನ ಎದುರು ಅಧಿಸೂಚನೆ ಸಂಖ್ಯೆ ನಮೂದಿಸಿ, ಪ್ರಮಾಣಪತ್ರದ ಸಂಖ್ಯೆ, ದಿನಾಂಕ, ಮೂಲದ ಮಾನದಂಡ, ನೇರ ಸಾಗಣೆಯೇ ಎಂಬ ವಿವರ ಕೊಡಬೇಕು. ತಯಾರಿಕೆಯ ಹಂತಗಳು, ಕಚ್ಚಾವಸ್ತುಗಳು, ಮೌಲ್ಯದ ಲೆಕ್ಕ ಇರುವ ‘ಫಾರ್ಮ್ 1’ರ ಮಾಹಿತಿ ನಿಮ್ಮ ಕೈಯಲ್ಲಿರಬೇಕು, ಐದು ವರ್ಷ ಕಾಪಾಡಬೇಕು. ಅಧಿಕಾರಿ ಕೇಳಿದರೆ 10 ಕೆಲಸದ ದಿನಗಳಲ್ಲಿ ಒಪ್ಪಿಸಬೇಕು. ಹೊರದೇಶದ ಕಾರ್ಖಾನೆಯಿಂದ ವೆಚ್ಚದ ವಿವರ ಹತ್ತು ದಿನದಲ್ಲಿ ತರಿಸುವುದು ಆಗಹೋಗದ ಮಾತು. ವೆಚ್ಚ ವ್ಯಾಪಾರ ರಹಸ್ಯ ಎಂದು ಅವರು ಕೈ ಎತ್ತಿಬಿಡುತ್ತಾರೆ. ಆದ್ದರಿಂದ ಫಾರ್ಮ್ 1ರ ಮಾಹಿತಿ ಕೊಡಬೇಕೆಂಬ ಷರತ್ತು ಖರೀದಿ ಒಪ್ಪಂದದಲ್ಲೇ ಇರಲಿ, ಹಣದ ಒಂದು ಭಾಗ ಅದು ಕೈ ಸೇರಿದ ಮೇಲೆ ಬಿಡುಗಡೆಯಾಗಲಿ.

ಇಷ್ಟೆಲ್ಲ ಇದ್ದೂ ಅನುಮಾನ ಉಳಿದರೆ, ಅಧಿಕಾರಿಗಳು ಪ್ರಮಾಣಪತ್ರ ಕೊಟ್ಟ ದೇಶಕ್ಕೇ ಬರೆದು ಕೇಳುತ್ತಾರೆ. ಒಪ್ಪಂದದಲ್ಲಿ ಬೇರೆ ಗಡುವು ಇಲ್ಲದಿದ್ದರೆ ಉತ್ತರಕ್ಕೆ 60 ದಿನ. ಅಷ್ಟು ದಿನ ಸರಕು ಬಂದರಿನಲ್ಲಿ ಕೊಳೆಯಬೇಕಿಲ್ಲ. ಪೂರ್ತಿ ಸುಂಕಕ್ಕೂ ರಿಯಾಯಿತಿ ಸುಂಕಕ್ಕೂ ಇರುವ ವ್ಯತ್ಯಾಸದಷ್ಟು ಭದ್ರತೆ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಅರ್ಜಿ ಕೊಡಿ. ಅನೇಕರು ಇದು ಗೊತ್ತಿಲ್ಲದೆ ಡೆಮರೇಜ್ (ಬಂದರಿನಲ್ಲಿ ಸರಕು ಉಳಿದದ್ದಕ್ಕೆ ಶುಲ್ಕ) ಕಟ್ಟುತ್ತ ಕಾಯುತ್ತಾರೆ. ಉತ್ತರ ನಿಮ್ಮ ವಿರುದ್ಧ ಬಂದರೆ ಹೊಡೆತ ಒಂದು ಕಂಟೇನರಿಗೆ ನಿಲ್ಲುವುದಿಲ್ಲ. ಅದೇ ತಯಾರಕರ ಅದೇ ಬಗೆಯ ಸರಕಿಗೆ ಮುಂದೆಯೂ ರಿಯಾಯಿತಿ ನಿರಾಕರಿಸಬಹುದು. ನೀವು ಹೊಸಬರಾಗಿದ್ದು, ಆ ಕಾರ್ಖಾನೆಯ ಸರಕು ಹಿಂದೆ ಬೇರೊಬ್ಬರ ಹೆಸರಿನಲ್ಲಿ ಸಿಕ್ಕಿಬಿದ್ದಿದ್ದರೂ ಈ ತೊಡಕು ನಿಮಗೆ ತಟ್ಟಬಹುದು. ಪೂರೈಕೆದಾರರನ್ನು ಆರಿಸುವಾಗ ಇದನ್ನು ನೇರವಾಗಿ ಕೇಳಿ, ಕಸ್ಟಮ್ಸ್ ಬ್ರೋಕರ್ ಬಳಿಯೂ ವಿಚಾರಿಸಿ.

ಬಿಲ್ ಆಫ್ ಎಂಟ್ರಿಯಲ್ಲಿ ರಿಯಾಯಿತಿ ಕೇಳುವುದನ್ನೇ ಮರೆತಿದ್ದರೆ 149ನೇ ಕಲಮಿನಡಿ ತಿದ್ದುಪಡಿಗೆ ಅವಕಾಶವಿದೆ. ಸರಕು ಬಿಡುಗಡೆಯಾದ ಮೇಲೆ ಈ ಅರ್ಜಿ ಹಾಕುವುದಾದರೆ, ಬಿಡುಗಡೆಯ ಹೊತ್ತಿಗೇ ಅಸ್ತಿತ್ವದಲ್ಲಿದ್ದ ದಾಖಲೆಯನ್ನಷ್ಟೇ ಆಧಾರವಾಗಿ ಕೊಡಬಹುದು.

ಬಾಂಗ್ಲಾದೇಶ, ನೇಪಾಳದಿಂದ ತರಿಸುವವರು ಒಂದು ದಿನಾಂಕ ಗುರುತು ಹಾಕಿಕೊಳ್ಳಿ. ಈ ಎರಡೂ ದೇಶಗಳು ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಲು ವಿಶ್ವಸಂಸ್ಥೆ ನಿಗದಿ ಮಾಡಿದ್ದು 2026ರ ನವೆಂಬರ್ 24. ಆ ದಿನಾಂಕ ಮುಂದೆ ಹೋಗದೆ, ಬೇರೆ ವಿನಾಯಿತಿಯೂ ಬಾರದೆ ಇದ್ದರೆ, ಸಾಫ್ಟಾದಲ್ಲಿ ಹೊರಗಿನ ಕಚ್ಚಾವಸ್ತುವಿನ ಮಿತಿ ಶೇ 70ರಿಂದ 60ಕ್ಕೆ ಇಳಿಯುತ್ತದೆ, 25 ಸರಕುಗಳ ಚಿಕ್ಕ ಪಟ್ಟಿಯ ಅನುಕೂಲವೂ ಹೋಗುತ್ತದೆ. ಮಾಲ್ಡೀವ್ಸ್ 2011ರಲ್ಲೇ ಆ ಪಟ್ಟಿಯಿಂದ ಹೊರಬಂದರೂ ಅದಕ್ಕೆ ಹಳೆಯ ಸೌಲಭ್ಯ ಉಳಿದದ್ದು ಒಪ್ಪಂದದಲ್ಲೇ ಅದಕ್ಕಾಗಿ ಒಂದು ವಿಧಿ ಇದ್ದುದರಿಂದ. ಬೇರೆಯವರಿಗೆ ಅಂಥ ವಿಧಿ ಇಲ್ಲ. ಈಗ ಶೇ 65ರ ಲೆಕ್ಕದಲ್ಲಿ ಆರಾಮವಾಗಿ ಪಾಸಾಗುತ್ತಿರುವ ಕಾರ್ಖಾನೆಗೆ ದೀರ್ಘಾವಧಿ ಆರ್ಡರ್ ಕೊಡುವ ಮುನ್ನ ವೆಚ್ಚದ ಹಾಳೆಯನ್ನು ಇನ್ನೊಮ್ಮೆ ತರಿಸಿ ನೋಡಿ.