ಬಲಸೊಂಟದ ನೋವಿಗೆ ಎಡಗೈಯ ಊರುಗೋಲು

ಸೊಂಟದ ಕೀಲು ಸವೆದವರು ನನ್ನ ಕೋಣೆಗೆ ಕಾಲಿಟ್ಟಾಗ ಮೊದಲು ನನ್ನ ಕಣ್ಣು ಹೋಗುವುದು ಊರುಗೋಲು ಹಿಡಿದ ಕೈಯ ಕಡೆಗೆ. ಹೆಚ್ಚಿನವರಲ್ಲಿ ಅದು ನೋವಿರುವ ಕಡೆಯ ಕೈಯಲ್ಲೇ ಇರುತ್ತದೆ. ತಿದ್ದಿ ಕಳುಹಿಸಿದರೆ ಮುಂದಿನ ಭೇಟಿಯ ಹೊತ್ತಿಗೆ ಕೋಲು ಮತ್ತೆ ಹಳೆಯ ಕೈಗೆ ಮರಳಿರುತ್ತದೆ. ಬಲಸೊಂಟ ಸವೆದಿದ್ದ ನಿವೃತ್ತ ಮೇಷ್ಟ್ರೊಬ್ಬರು ವಾದಕ್ಕೇ ಇಳಿದರು: "ವಾಲಿದ ಗೋಡೆಗೆ ವಾಲಿದ ಕಡೆಯಿಂದಲೇ ಅಲ್ಲವೇ ಡಾಕ್ಟ್ರೇ, ಆಸರೆ ಕೊಡುವುದು?"

ಗೋಡೆ ನಡೆಯುವುದಿಲ್ಲ ಎಂದೆ. ನಡೆಯುವಾಗ ಪ್ರತಿ ಹೆಜ್ಜೆಗೂ ಕ್ಷಣಕಾಲ ನಾವು ಒಂಟಿಕಾಲಿನ ಮೇಲಿರುತ್ತೇವೆ. ಆಗ ದೇಹದ ಭಾರವು ಸೊಂಟದ ಕೀಲಿನಿಂದ ಸುಮಾರು 10 ಸೆಂಟಿಮೀಟರ್ ಒಳಗಡೆ ಕೆಳಕ್ಕೆ ಎಳೆಯುತ್ತಿರುತ್ತದೆ. ಸೊಂಟ ಆ ಕಡೆಗೆ ಕುಸಿಯದಂತೆ ಹೊರಬದಿಯ ಸ್ನಾಯುಗಳು ಕೀಲಿನಿಂದ ಅದರ ಅರ್ಧದಷ್ಟೇ ದೂರದಲ್ಲಿ ನಿಂತು ಜಗ್ಗಬೇಕು. ಸನ್ನೆಕೋಲಿನ ಗಿಡ್ಡ ತೋಳಿನ ಕಡೆ ಇಮ್ಮಡಿ ಬಲ ಬೇಕಾಗುವುದು ಏತ ನೋಡಿದವರಿಗೆ ಹೊಸದೇನಲ್ಲ. 60 ಕಿಲೋ ತೂಗುವವರಲ್ಲಿ ಊರಿದ ಕಾಲನ್ನು ಬಿಟ್ಟು ಉಳಿದ ದೇಹ ಸುಮಾರು 50 ಕಿಲೋ. ಅದನ್ನು ತೂಗಿಸಲು ಸ್ನಾಯುಗಳ ಜಗ್ಗುವಿಕೆ 100. ಎರಡೂ ಸೇರಿ 150 ಕಿಲೋ ಒತ್ತಡ ಆ ಸವೆದ ಕೀಲಿನ ಮೇಲೆಯೇ ಬೀಳುತ್ತದೆ. ಕೀಲನ್ನು ಅರೆಯುವುದರಲ್ಲಿ ಮೈತೂಕಕ್ಕಿಂತ ಈ ಸ್ನಾಯುಗಳದ್ದೇ ದೊಡ್ಡ ಪಾಲು.

ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿದ ಕೋಲು ನೋವಿನ ಕೀಲಿನಿಂದ 35–40 ಸೆಂಟಿಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅಷ್ಟು ಉದ್ದದ ತೋಳಿನ ತುದಿಯಲ್ಲಿ ಬರೀ 5 ಕಿಲೋ ಊರಿದರೂ, ಸರಳ ಲೆಕ್ಕದಂತೆ, ಸ್ನಾಯುಗಳ ಹೊರೆ ಸುಮಾರು 40 ಕಿಲೋ ತಗ್ಗುತ್ತದೆ. ನಿಜವಾದ ನಡಿಗೆಯಲ್ಲಿ ಲಾಭ ಇದಕ್ಕಿಂತ ಕಡಿಮೆಯಿರಬಹುದು, ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯೂ ಆಗಬಹುದು. ನೋವಿನ ಕಡೆಯ ಕೈಯಲ್ಲೇ ಹಿಡಿದರೆ ಈ ಉದ್ದನೆಯ ತೋಳು ಸಿಗುವುದಿಲ್ಲ. ಮನುಷ್ಯ ಕೋಲಿನ ಮೇಲೆ ವಾಲುತ್ತಾನೆ, ಆ ವಾಲಿಕೆಯಿಂದ ಕೀಲಿಗೆ ತುಸು ನೆಮ್ಮದಿಯಾದರೂ ತಿಂಗಳುಗಟ್ಟಲೆ ಹಾಗೆ ನಡೆದವರಲ್ಲಿ ಹಲವರು ಬೆನ್ನುನೋವನ್ನೂ ಹೊತ್ತು ಬರುತ್ತಾರೆ. ಇದೇ ಲೆಕ್ಕದಂತೆ ತರಕಾರಿ ಚೀಲ ನೋವಿನ ಕಡೆಯ ಕೈಯಲ್ಲಿದ್ದರೇ ಆ ಕೀಲಿಗೆ ಹಗುರ. ಇದನ್ನಂತೂ ಯಾರೂ ನಂಬುವುದಿಲ್ಲ. ಹಾಗೆಂದು ಭಾರದ ಚೀಲ ಹೊರಿ ಎಂದು ನಾನು ಹೇಳುತ್ತಿಲ್ಲ.

ಕೋಲೂ ನೋವಿನ ಕಾಲೂ ಒಟ್ಟಿಗೆ ಮುಂದೆ ಹೋಗಬೇಕು. ಎರಡೂ ಸೊಂಟ ಅಥವಾ ಮಂಡಿಯೂ ನೋಯುವವರು, ತಲೆ ಸುತ್ತುವವರು ಈ ಬರಹ ನೋಡಿ ಕೋಲು ಕೊಳ್ಳದೆ, ತಮ್ಮ ನಡಿಗೆಯನ್ನು ಒಮ್ಮೆ ವೈದ್ಯರಿಗೋ ಫಿಸಿಯೋಥೆರಪಿಸ್ಟರಿಗೋ ತೋರಿಸುವುದು ಒಳ್ಳೆಯದು.

ಮೇಷ್ಟ್ರು ಕೊನೆಗೆ ಕೈ ಬದಲಿಸಿದರು. ಆದರೆ ನೆಟ್ಟಗೆ ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟದಲ್ಲಿರಬೇಕು, ಅವರ ಬೆತ್ತ ನಾಲ್ಕು ಬೆರಳು ಉದ್ದವಾಗಿತ್ತು. ಕೊಯ್ಯಿಸಿ ಎಂದರೆ, ಅದು ತಂದೆಯವರದ್ದೆಂದು ಒಪ್ಪಲಿಲ್ಲ. ಈಗ ಎಡಗೈಯಲ್ಲಿ ಎತ್ತರ ಹೊಂದಿಸಬಲ್ಲ ಅಲ್ಯೂಮಿನಿಯಂ ಕೋಲು ಹಿಡಿದು ಬರುತ್ತಾರೆ. ಬೆತ್ತ ಮನೆಯ ಬಾಗಿಲ ಹಿಂದೆ ಇದೆಯಂತೆ.